ಉಪ್ಪು ತಿಂದ ಗೋಡೆಗೆ ನೀರು ಕುಡಿಸುವ ಉಪ್ಪಕ್ಕ

ಬೆಳಗಿನ ಆರು ಗಂಟೆ. ಇಳಿತ ಮುಗಿದಿದೆ, ಉಬ್ಬರ ಇನ್ನೂ ಶುರುವಾಗಿಲ್ಲ. ದಡದ ಹಳೆಯ ಮೀನು ಕಾರ್ಖಾನೆಯೊಳಗೆ, ತೊಂಬತ್ತು ಅಡಿ ಉದ್ದದ ಇಟ್ಟಿಗೆ ಗೋಡೆಯ ಬುಡದಲ್ಲಿ ಐವತ್ತೆಂಟು ವರ್ಷದ ಹೆಂಗಸೊಬ್ಬರು ಮಂಡಿಯೂರಿದ್ದಾರೆ. ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಪಕ್ಕದ ಡಬ್ಬಕ್ಕೆ ಉಗಿಯುತ್ತಾರೆ. ಕಣ್ಣು ಮುಚ್ಚಿಕೊಳ್ಳುತ್ತಾರೆ. ಮುಂದಕ್ಕೆ ಬಾಗಿ ನಾಲಿಗೆಯ ತುದಿಯನ್ನು ಇಟ್ಟಿಗೆಗೆ ತಾಗಿಸುತ್ತಾರೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟೆಳೆದು, ಮೂರಡಿ ಪಕ್ಕಕ್ಕೆ ಸರಿದು ಮತ್ತೆ ಬಾಯಿ ಮುಕ್ಕಳಿಸುತ್ತಾರೆ.

ಮೊದಲ ಸಲ ನೋಡುವವರಿಗೆ ಇವರಿಗೇನಾಯಿತಪ್ಪಾ ಎನಿಸುತ್ತದೆ. ನನಗೂ ಎನಿಸಿತು. ಕೇಳಿಯೂಬಿಟ್ಟೆ.

"ಉಪ್ಪು ನೋಡ್ತಿದೀನಿ ಸರ್. ಬೇಕಾದ್ರೆ ನೀವೂ ನೋಡಿ, ಕಾಸು ಕೊಡಬೇಕಾಗಿಲ್ಲ" ಎಂದರು.

ಪತ್ರಕರ್ತನಾದ ಮೇಲೆ ಯಾವುದಕ್ಕೂ ಹಿಂಜರಿಯಬಾರದಲ್ಲ. ನಾನೂ ಮಂಡಿಯೂರಿ ಗೋಡೆಯನ್ನು ನೆಕ್ಕಿದೆ. ಧೂಳು ಬಿಟ್ಟು ಮತ್ತೇನೂ ಗೊತ್ತಾಗಲಿಲ್ಲ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಿಮ್ಮದು ಟೀ ಕುಡಿದು ಬಂದ ನಾಲಿಗೆ. ಅದಕ್ಕೆ ಏನೂ ಹೇಳೋಕೆ ಬರಲ್ಲ."

ಈ ಕಟ್ಟಡದಲ್ಲಿ ಕೆಲಸ ಮಾಡುವ ಎಪ್ಪತ್ತು ಮಂದಿಯೂ ಇವರನ್ನು ಕರೆಯುವುದು ಉಪ್ಪಕ್ಕ ಎಂದೇ. ಇಂಜಿನಿಯರ್, ಕಾವಲುಗಾರ, ವಿಜ್ಞಾನಿ, ಎಲ್ಲರಿಗೂ ಅವರು ಉಪ್ಪಕ್ಕ. ಒಂಬತ್ತು ತಿಂಗಳಿಂದ ಅವರು ಮಾಡುತ್ತಿರುವುದು ಒಂದೇ ಕೆಲಸ: ಈ ಒಂದು ಗೋಡೆಯೊಳಗಿನ ಉಪ್ಪನ್ನು ಹೊರಗೆ ತೆಗೆಯುವುದು. ಬರುವ ಶುಕ್ರವಾರ ಟ್ರಸ್ಟಿನ ತಪಾಸಣೆಯವರು ಬಂದು ಅಳೆಯುತ್ತಾರೆ. ಮೀಟರಿನ ಅಂಕಿ ಐದಕ್ಕಿಂತ ಕೆಳಗಿದ್ದರೆ ಗೋಡೆ ಉಳಿಯುತ್ತದೆ. ಇಲ್ಲದಿದ್ದರೆ ಮೇಲಿನ ತೊಲೆಗಳಿಗೆ ಕಂಬ ಕೊಟ್ಟು, ಗೋಡೆ ಕೆಡವಿ, ಆ ಜಾಗದಲ್ಲಿ ಕಾಂಕ್ರೀಟ್ ಎಬ್ಬಿಸುತ್ತಾರೆ. ಯಂತ್ರದವರಿಗೆ ದಿನಾಂಕವನ್ನೂ ಕೊಟ್ಟಾಗಿದೆ.

ಕಟ್ಟಡಕ್ಕೆ ನೂರಹತ್ತು ವರ್ಷ. ಕೆಳಗೆ ಮೀನಿಗೆ ಉಪ್ಪು ಹಾಕಿಡುತ್ತಿದ್ದ ತೊಟ್ಟಿಗಳು, ಮೇಲೆ ಡಬ್ಬಿಗೆ ತುಂಬುತ್ತಿದ್ದ ಮಹಡಿ, ಹಿಂದೆ ಬಾಯ್ಲರ್ ಮನೆ, ಅದರ ಚಿಮಣಿ. ನಲವತ್ತು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಆಮೇಲೆ ಯಾರೋ ಕೊಂಡು ಗೋದಾಮು ಮಾಡಿದರು, ಅದೂ ಮುಚ್ಚಿತು, ಪಾರಿವಾಳಗಳ ಪಾಲಾಯಿತು. ಈಗ ಒಂದು ಟ್ರಸ್ಟ್ ಅದನ್ನು ರಿಪೇರಿ ಮಾಡಿಸುತ್ತಿದೆ. ಮೇಲಿನ ಮಹಡಿಯಲ್ಲಿ ಸಮುದ್ರದ ನೀರು, ಪಾಚಿ, ಮೀನಿನ ಮೊಟ್ಟೆಗಳನ್ನು ಪರೀಕ್ಷಿಸುವ ಸಂಶೋಧನಾಲಯ. ಕೆಳಗೆ ಸುತ್ತಲಿನ ಬೀದಿಗಳ ಜನರಿಗೆ ಓದುಕೋಣೆ, ಸಭೆ ಸೇರುವ ಹಜಾರ, ನಕ್ಷತ್ರಮೀನು ಏಡಿಗಳನ್ನು ಮಕ್ಕಳು ಕೈಯಿಂದ ಮುಟ್ಟಿ ನೋಡಬಹುದಾದ ತಗ್ಗು ಕೊಳ. ಮೀನು ಕೊಲ್ಲುತ್ತಿದ್ದ ಮನೆಯಲ್ಲಿ ಇನ್ನು ಮೀನು ಬದುಕಿಸುವ ಪಾಠ. ಹಜಾರಕ್ಕೂ ಸಮುದ್ರಕ್ಕೂ ನಡುವೆ ನಿಂತಿರುವುದೇ ಉಪ್ಪಕ್ಕನ ಗೋಡೆ.

"ಉಪ್ಪಕ್ಕನ ಗೋಡೆ" ಎಂದು ನಾನು ಅಂದದ್ದು ಬರಿಯ ಅಲಂಕಾರಕ್ಕಲ್ಲ. ಅದರ ಕಥೆ ಇದೆ.

ಇಪ್ಪತ್ತಾರು ವರ್ಷದ ಹಿಂದೆ, ಗೋದಾಮು ಮಾಡುವಾಗ, ಮಾಲೀಕರು ಒಳಗೆಲ್ಲ ಸಿಮೆಂಟ್ ಗಾರೆ ಬಳಿಸಿದರು. ಹಳೆಯ ಸುಣ್ಣದ ಗಾರೆ ಉದುರುತ್ತಿತ್ತು, ನೋಡಲು ಚೆನ್ನಾಗಿರಲಿಲ್ಲ. ಕೆಲಸಕ್ಕೆ ಬಂದ ಗುಂಪಿನಲ್ಲಿ ಮೂವತ್ತೆರಡು ವರ್ಷದ ಈ ಹೆಂಗಸೂ ಇದ್ದರು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದಾಗಿನಿಂದ ಹದಿಮೂರು ವರ್ಷ ಗಾರೆ ಹೊತ್ತಿದ್ದರೇ ಹೊರತು ಕರಣೆ ಹಿಡಿಯಲು ಯಾವ ಮೇಸ್ತ್ರಿಯೂ ಬಿಟ್ಟಿರಲಿಲ್ಲ. ಹೆಂಗಸು ಎಂಬುದು ಒಂದು, ಎಡಗೈಯವರು ಎಂಬುದು ಇನ್ನೊಂದು. "ಸಾಲಾಗಿ ನಿಂತು ಗಾರೆ ಹಾಕುವಾಗ ಎಲ್ರ ಕೈ ಈ ಕಡೆಯಿಂದ ಆ ಕಡೆ ಹೋಗುತ್ತೆ. ನಂದು ಎದುರಿಗೆ ಬರುತ್ತೆ. ಪಕ್ಕದವನ ಮೊಣಕೈಗೆ ಹೊಡೀತಿತ್ತು" ಎಂದು ತಮ್ಮ ಮೊಣಕೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸುತ್ತಾರೆ.

ಗೋದಾಮಿನ ಕೆಲಸ ಅವಸರದ್ದು, ಆಳು ಸಾಲದು. ಮೇಸ್ತ್ರಿ ಬೇರೆ ದಾರಿ ಕಾಣದೆ ಕರಣೆಯನ್ನು ಇವರ ಕೈಗಿಟ್ಟು, ಯಾರ ಮೊಣಕೈಗೂ ತಾಗದಂತೆ ಒಂದು ಇಡೀ ಗೋಡೆಯನ್ನು ಇವರೊಬ್ಬರಿಗೇ ಬಿಟ್ಟುಕೊಟ್ಟ. ತೊಂಬತ್ತು ಅಡಿ ಉದ್ದ, ಏಣಿ ಹಾಕಿ ಹನ್ನೆರಡು ಅಡಿ ಎತ್ತರ. ಹನ್ನೊಂದು ದಿನ. ಕೊನೆಯ ದಿನ ಹಲಗೆ ಉಜ್ಜಿ ನುಣುಪು ಮಾಡಿ ಹಿಂದೆ ಸರಿದು ನೋಡಿದಾಗ ಕನ್ನಡಿಯಂತಿತ್ತಂತೆ.

"ಕುಣಿದಾಡೋದೊಂದು ಬಾಕಿ. ಮನೆಗೆ ಹೋಗಿ ಮಾವನಿಗೆ ಹೇಳಿದೆ, ಮಾವ, ಒಂದು ಗೋಡೆ ಪೂರ್ತಿ ನಾನೇ ಮಾಡ್ದೆ ಅಂತ."

ಮಾವ, ಅಂದರೆ ಗಂಡನ ತಂದೆ, ಸುಣ್ಣದ ಗಾರೆಯ ಹಳೆಯ ಕೈ. ಆಗ ಹಾಸಿಗೆ ಹಿಡಿದಿದ್ದರು. ಮರಳು ಗಾಡಿ ಬಂದರೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಉಪ್ಪಿದ್ದರೆ ಗಾಡಿಯನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ. ಸೊಸೆಗೆ ಆ ವಿದ್ಯೆ ಕಲಿಸಿದವರೂ ಅವರೇ. ಸೊಸೆಯ ಸಂಭ್ರಮವನ್ನೆಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: "ಆ ಗೋಡೆಗೆ ಸಿಮೆಂಟಾ?" ಮತ್ತೆ ಆ ವಿಷಯವನ್ನೇ ಎತ್ತಲಿಲ್ಲ. ಅಸೂಯೆಯಿರಬೇಕು ಎಂದು ಸೊಸೆ ಅಂದುಕೊಂಡರು. ಅದನ್ನು ಈಗ ಹೇಳುವಾಗ ಅವರಿಗೆ ನಾಚಿಕೆಯಾಗುತ್ತದೆ. ಮುಖ ಬೇರೆ ಕಡೆ ತಿರುಗಿಸಿ ಕರಣೆ ಒರೆಸುತ್ತಾರೆ.

ಉಪ್ಪಕ್ಕನ ಬಾಯಲ್ಲೇ ಕೇಳಿದರೆ ಗೋಡೆಯ ವಿಜ್ಞಾನ ಬಲು ಸುಲಭ. "ಇಟ್ಟಿಗೆ ಅಂದ್ರೆ ಬ್ರೆಡ್ ಇದ್ದ ಹಾಗೆ ಸರ್, ಒಳಗೆಲ್ಲ ತೂತು. ನೀರು ಕುಡಿಯುತ್ತೆ, ಬಿಡುತ್ತೆ. ಮೇಲೆ ಸುಣ್ಣ ಇದ್ರೆ ಒಳಗಿನ ಉಪ್ಪು ಆ ಸುಣ್ಣಕ್ಕೆ ಬಂದು, ಅದರ ಜೊತೆಗೇ ಉದುರಿ ಹೋಗುತ್ತೆ. ಸುಣ್ಣ ಉದುರೋದೇ ಇಟ್ಟಿಗೆ ಉಳೀಲಿ ಅಂತ. ನಾವು ದಡ್ಡರು, ಉದುರುತ್ತಲ್ಲಾ ಅಂತ ಸಿಮೆಂಟ್ ಬಳಿದ್ವಿ. ಬಾಯಿಗೆ ಬಟ್ಟೆ ತುರುಕಿದ ಹಾಗಾಯ್ತು. ಉಪ್ಪು ಒಳಗೇ ಕೂತು ಇಟ್ಟಿಗೇನ ತಿಂತು."

ಅದು ಗೊತ್ತಾದದ್ದು ಕಳೆದ ವರ್ಷ. ರಿಪೇರಿ ಶುರುವಾಗಿ, ಸಿಮೆಂಟ್ ಕೆತ್ತಲು ಬಂದವರಲ್ಲಿ ಉಪ್ಪಕ್ಕನೂ ಒಬ್ಬರು. ಉಳಿಯಿಟ್ಟು ಒಂದು ಪೆಟ್ಟು ಹಾಕಿದರೆ ಸಿಮೆಂಟಿನ ಹಿಂದೆಯೇ ಇಟ್ಟಿಗೆಯ ಮುಖವೂ ಕಳಚಿ ಬೀಳುತ್ತಿತ್ತು. ಇಂಜಿನಿಯರ್ ಬಂದು ನೋಡಿದರು. ಇನ್ನೂ ನಲವತ್ತು ದಾಟದ ಮನುಷ್ಯ, ಹಳೆಯ ಕಟ್ಟಡವೆಂದರೆ ಪ್ರಾಣ. ತಲೆ ಚಚ್ಚಿಕೊಂಡು, ಹತ್ತು ಆಳುಗಳ ಮುಂದೆ, "ಯಾವ ಕತ್ತೆ ಬಳಿದದ್ದು ಇದನ್ನ?" ಎಂದು ಕೂಗಿದರು.

ಉಪ್ಪಕ್ಕನ ಕೈಯಲ್ಲಿ ಆಗಷ್ಟೇ ಬಿದ್ದ ಸಿಮೆಂಟಿನ ಚಕ್ಕೆಯೊಂದಿತ್ತು. ಅದರ ಮೇಲೆ, ಓರೆ ಬೆಳಕಿಗಷ್ಟೇ ಕಾಣುವಂತೆ, ಕರಣೆ ಎಳೆದ ಗುರುತು ಬಲದಿಂದ ಎಡಕ್ಕೆ ಹೋಗಿತ್ತು. ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ.

"ನಾನೇ ಸರ್" ಎಂದರು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದಿನ ಕೂಲಿಯ ಲೆಕ್ಕ ಯಾರ ಹತ್ತಿರವಿದೆ? ಈ ಮಾತನ್ನು ನಾನು ಕೇಳಿದಾಗ ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಗೋಡೆಗೆ ಗೊತ್ತಿತ್ತಲ್ಲ ಸರ್" ಎಂದರು.

ಇಂಜಿನಿಯರಿಗೆ ಕೂಗಿದ್ದಕ್ಕೆ ನಾಚಿಕೆಯಾಯಿತು. ಕತ್ತೆ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಗೋಡೆ ಕೆಡವುವುದೇ ಸರಿ ಎಂದು ಟ್ರಸ್ಟ್ ಅಷ್ಟರಲ್ಲಿ ಹೇಳಿಯಾಗಿತ್ತು. ಉಪ್ಪು ತೆಗೆಯುವ ಒಂದು ವಿಧಾನವಿದೆ, ಆದರೆ ಅದಕ್ಕೆ ತಾಳ್ಮೆ ಬೇಕು, ಅಷ್ಟು ತಾಳ್ಮೆ ಯಾರಿಗಿದೆ ಎಂದು ಇಂಜಿನಿಯರ್ ಬೇಸರದಲ್ಲಿ ಅಂದದ್ದೇ ತಡ, ಉಪ್ಪಕ್ಕ ಹಟ ಹಿಡಿದರು. "ನಂಗೆ ಕೊಡಿ ಸರ್. ಕೆಡಿಸಿದ್ದು ನಾನು, ಸರಿ ಮಾಡೋದೂ ನಾನೇ." ಇಂಜಿನಿಯರ್ ಟ್ರಸ್ಟಿನವರ ಕೈಕಾಲು ಹಿಡಿದು ಒಂಬತ್ತು ತಿಂಗಳು ಕೇಳಿ ಪಡೆದರು. ದೂರದಿಂದ ಒಬ್ಬ ಪರಿಣತರು ಬಂದು ಎರಡು ದಿನ ಕಲಿಸಿ ಹೋದರು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಹರಾಯಿತಿ ಕೇಳಿ ಕೇಳಿ ಬಡಿಸಿಕೊಂಡರು.

ವಿಧಾನ ಕೇಳಲು ಸರಳ. ಹುಣ್ಣಿಗೆ ಪಟ್ಟು ಹಾಕುತ್ತೇವಲ್ಲ, ಹಾಗೆಯೇ ಗೋಡೆಗೆ ಪಟ್ಟು. ಕಾಗದವನ್ನು ನೆನೆಸಿ, ಅರೆದು, ಜೇಡಿಮಣ್ಣು ಬೆರೆಸಿ ಮುದ್ದೆ ಮಾಡುತ್ತಾರೆ. ಗೋಡೆಗೆ ಸಿಹಿನೀರು ಸಿಂಪಡಿಸಿ ಆ ಮುದ್ದೆಯನ್ನು ಒಂದು ಬೆರಳು ದಪ್ಪಕ್ಕೆ ಮೆತ್ತುತ್ತಾರೆ. ನೀರು ಗೋಡೆಯೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ, ಪಟ್ಟು ಒಣಗುತ್ತ ಆ ಉಪ್ಪುನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಕಿತ್ತು ಎಸೆಯಬೇಕು. ಮತ್ತೆ ಮೆತ್ತಬೇಕು. ದಿನಕ್ಕೆ ಹತ್ತು ಬಕೆಟ್ ಮುದ್ದೆ, ಅರವತ್ತು ಚದರಡಿ. ಹದಿನೆಂಟು ಕೆಲಸದ ದಿನಕ್ಕೆ ಒಂದು ಸುತ್ತು. ಇಲ್ಲಿಯವರೆಗೆ ಹನ್ನೆರಡು ಸುತ್ತು ಆಗಿದೆ. ಬಕೆಟ್ಟಿನ ಲೆಕ್ಕ ನೀವೇ ಹಾಕಿಕೊಳ್ಳಿ, ಎರಡು ಸಾವಿರ ದಾಟುತ್ತದೆ. ಅಷ್ಟನ್ನೂ ಉಪ್ಪಕ್ಕ ಎಡಗೈಯಲ್ಲೇ ಮೆತ್ತಿದ್ದಾರೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಗೋಡೆಯೊಂದು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಗದ ಬರುವುದು ಒಂದು ಮುದ್ರಣಾಲಯದಿಂದ, ಪುಸ್ತಕದ ಅಂಚು ಕತ್ತರಿಸಿ ಉಳಿದ ಬಿಳಿಯ ಚೂರುಗಳು. ನಮ್ಮ ಕಚೇರಿಯಲ್ಲಿ ಹಳೆಯ ಪುರವಣಿಗಳು ರಾಶಿ ಬಿದ್ದಿವೆ, ಕಳಿಸಲೇ ಎಂದು ಉದಾರವಾಗಿ ಕೇಳಿದೆ. "ಬೇಡಿ ಸರ್, ಅದರಲ್ಲಿ ಮಸಿ ಜಾಸ್ತಿ, ಗೋಡೆ ಗಲೀಜಾಗುತ್ತೆ" ಎಂದರು. ನನ್ನ ಬರಹಕ್ಕೆ ಇದಕ್ಕಿಂತ ನೇರವಾದ ವಿಮರ್ಶೆ ಈವರೆಗೆ ಬಂದಿಲ್ಲ.

ಈ ಕೆಲಸಕ್ಕೆ ಇಬ್ಬರು ಬೇಕು, ಮುದ್ದೆ ಕಲಸಿ ಕೊಡಲು ಒಬ್ಬರು, ಮೆತ್ತಲು ಒಬ್ಬರು. ಕಲಸುವವರು ಉಪ್ಪಕ್ಕನ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಇವರು ಕೆಳಗೆ, ಅವರು ಮಹಡಿಯಲ್ಲಿ. ಈಗಿನ ಮೇಸ್ತ್ರಿ, ಒಂದೇ ಮನೆಯವರು ಅನುಕೂಲ ಎಂದು ಜೋಡಿ ಮಾಡಿದ. ಇಬ್ಬರಿಗೂ ನಾಲ್ಕು ವರ್ಷದಿಂದ ಮಾತಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಜಗಳಕ್ಕೆ ಕಾರಣವೇನೆಂದು ಕೇಳಿದರೆ ಒಬ್ಬರು ಎರವಲು ಹೋದ ಹೊಲಿಗೆ ಯಂತ್ರದ ಕಥೆ ಹೇಳುತ್ತಾರೆ, ಇನ್ನೊಬ್ಬರು ಯಾವುದೋ ಮದುವೆಮನೆಯಲ್ಲಿ ಆಡಿದ ಒಂದು ಮಾತಿನ ಕಥೆ. ಕೆಲಸದಲ್ಲಿ ಮಾತಾಡದೆ ಆಗುವುದಿಲ್ಲ, ಮಾತಾಡಲು ಬಿಗುಮಾನ. ಹಾಗಾಗಿ ಇಬ್ಬರೂ ಗೋಡೆಯ ಜೊತೆ ಮಾತಾಡುತ್ತಿದ್ದರು. "ಇನ್ನೊಂದು ಬಕೆಟ್ ಬೇಕಾಗಿತ್ತಪ್ಪಾ" ಎಂದು ಇವರು ಗೋಡೆಗೆ ಹೇಳುವುದು. "ಕೈ ಎರಡೇ ಇರೋದು, ಕಾಯಬೇಕಪ್ಪಾ" ಎಂದು ಅವರು ಅದೇ ಗೋಡೆಗೆ ಹೇಳುವುದು. ಗೋಡೆಗೂ ಕಿವಿಯಿದೆ ಎಂಬುದನ್ನು ಈ ಇಬ್ಬರು ಅಕ್ಷರಶಃ ನಂಬಿದ್ದರು.

ಇದರಿಂದಲೇ ದೊಡ್ಡದೊಂದು ಎಡವಟ್ಟಾಯಿತು.

ಪ್ರತಿ ಸುತ್ತು ಮುಗಿದಾಗ, ಮೇಲೆ ಬರಲಿರುವ ಸಂಶೋಧನಾಲಯದ ವಿಜ್ಞಾನಿ ಬಂದು ಅಳೆಯುತ್ತಾರೆ. ಸಮುದ್ರದ ನೀರಿನ ಉಪ್ಪು ನೋಡುವ ಮೀಟರಿನಲ್ಲೇ ಗೋಡೆಯದ್ದನ್ನೂ ನೋಡುವುದರಿಂದ ಉಪ್ಪಕ್ಕ ಅವರನ್ನು ಮೀಟರ್ ಮೇಡಂ ಎನ್ನುತ್ತಾರೆ. ಶುರುವಿನಲ್ಲಿ ಅಂಕಿ ಮೂವತ್ತೊಂದಿತ್ತು. ಮೊದಲ ಸುತ್ತಿಗೆ ಇಪ್ಪತ್ತನಾಲ್ಕು, ಆಮೇಲೆ ಹದಿನೆಂಟು, ಆಮೇಲೆ ಹದಿನಾಲ್ಕು. ಎಲ್ಲರಿಗೂ ಖುಷಿ. ನಾಲ್ಕನೆಯ ಸುತ್ತಿಗೆ ಹದಿನಾರಾಯಿತು. ಐದನೆಯದಕ್ಕೆ ಹದಿನೆಂಟು. ಉಪ್ಪು ಹೊರಗೆ ಬರುವ ಬದಲು ಒಳಗೆ ಹೋಗುತ್ತಿತ್ತು. ಮೀಟರ್ ಕೆಟ್ಟಿದೆ ಎಂದು ಉಪ್ಪಕ್ಕ ವಾದಿಸಿದರು, ತಮ್ಮ ನಾಲಿಗೆಗೆ ಗೋಡೆ ಸಪ್ಪೆಯಾಗಿದೆ ಎಂದರು. ಹೊಸ ಮೀಟರ್ ಬಂತು. ಅದೂ ಹದಿನೆಂಟೇ ಎಂದಿತು.

ಅದೇ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಗಲಾಟೆ. ಉಪ್ಪಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಜಾಸ್ತಿ ಮಾತಿನವರಲ್ಲ. ಅಂಥವರು ದಿನಾ ತಟ್ಟೆ ಮುಂದೆ ಕುಳಿತು ಮುಖ ಹಿಂಡುತ್ತಿದ್ದರು. "ಏನೇ ಇದು, ಸಮುದ್ರಾನೇ ಬಡಿಸಿದೀಯಲ್ಲ" ಎಂದರೆ ಇವರು, "ನಿಮ್ಮ ನಾಲಿಗೆಗೆ ವಯಸ್ಸಾಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಂದು ದಿನ ಅವರು ಎದ್ದುಹೋಗಿ ತಾವೇ ಬೇರೆ ಅಡುಗೆ ಮಾಡಿಕೊಂಡು ಅದನ್ನು ಹೆಂಡತಿಗೆ ತಿನ್ನಿಸಿದರು. ಉಪ್ಪಕ್ಕ, "ಉಪ್ಪೇ ಹಾಕಿಲ್ವಲ್ಲ" ಎಂದರು. ಗಂಡ ಒಂದೂವರೆ ಚಮಚ ಹಾಕಿದ್ದರು.

"ಆಗ ಗೊತ್ತಾಯ್ತು ಸರ್. ದಿನಾ ಉಪ್ಪು ನೆಕ್ಕಿ ನೆಕ್ಕಿ ನಾಲಿಗೆ ಸತ್ತೇ ಹೋಗಿತ್ತು. ಉಪ್ಪೇ ಸಪ್ಪೆ ಅನ್ನಿಸ್ತಿತ್ತು."

ಮಾರನೆಯ ಬೆಳಗ್ಗೆ ಉಪ್ಪಕ್ಕ ಮೀಟರ್ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡ ಮೇಲೆ, ಮೀಟರ್ ಮೇಡಂ ಗೋಡೆಯನ್ನು ಬಿಟ್ಟು ಮುದ್ದೆ ಕಲಸುವ ನೀರನ್ನು ಅಳೆದರು. ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಟ್ಯಾಂಕರ್ ಬರುವುದು ನಿಂತು, ಅಂಗಳದ ಕೊಳವೆಬಾವಿಯಿಂದ ಟ್ಯಾಂಕಿಗೆ ನೀರು ಹರಿಸಲು ಶುರುಮಾಡಿ ಆರು ವಾರವಾಗಿತ್ತು. ಸಮುದ್ರದಿಂದ ಇಪ್ಪತ್ತು ಹೆಜ್ಜೆಯ ಬಾವಿ, ನೀರು ಸವುಳು. ಉಪ್ಪು ತೆಗೆಯುತ್ತೇವೆಂದುಕೊಂಡು ಎರಡು ಸುತ್ತು ಉಪ್ಪುನೀರನ್ನೇ ಕುಡಿಸಿದ್ದರು.

ಓರಗಿತ್ತಿಗೆ ಮೊದಲ ದಿನವೇ ಗೊತ್ತಾಗಿತ್ತು. ಕೈ ತೊಳೆಯುವಾಗ ತುಟಿಗೆ ತಾಗಿ ನೀರು ಸವುಳೆನಿಸಿತ್ತು. ಯಾಕೆ ಹೇಳಲಿಲ್ಲ ಎಂದು ಎಲ್ಲರೂ ಮುಗಿಬಿದ್ದರು. ಅವರು ಕಣ್ಣಲ್ಲಿ ನೀರು ತುಂಬಿಕೊಂಡು, "ಉಪ್ಪಕ್ಕನಿಗೆ ಉಪ್ಪಿನ ಪಾಠ ಹೇಳೋಕೆ ನಾನ್ಯಾರು? ಏನೋ ಲೆಕ್ಕ ಇರಬೇಕು ಅಂದ್ಕೊಂಡೆ. ಕೇಳೋಕೆ ನಮಗೆ ಮಾತೂ ಇರ್ಲಿಲ್ವಲ್ಲ" ಎಂದರು.

ನಲವತ್ತಕ್ಕೂ ಹೆಚ್ಚು ದಿನದ ಶ್ರಮ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಉಪ್ಪಕ್ಕ ಅವತ್ತು ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು ಅತ್ತರು. ನಾಚಿಕೆಯಿಲ್ಲದೆ ಹೇಳುತ್ತಾರೆ ಅದನ್ನು. "ಇದೇ ಗೋಡೆನ ಎರಡನೇ ಸಲ ನಾನೇ ಕೆಡಿಸ್ದೆ ಅನ್ನಿಸ್ತು." ಓರಗಿತ್ತಿ ಇನ್ನೊಂದು ಬಕೆಟ್ ತಂದು ಪಕ್ಕದಲ್ಲಿ ಬೋರಲು ಹಾಕಿ ಕುಳಿತರು. "ಏಳಕ್ಕಾ, ಅಳೋದ್ರಲ್ಲೂ ಉಪ್ಪಿರುತ್ತೆ, ಇಲ್ಲಿ ಬೇಡ" ಎಂದರು. ನಾಲ್ಕು ವರ್ಷದ ನಂತರದ ಮೊದಲ ಮಾತು. ಇದನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

ಆಮೇಲಿಂದ ಟ್ಯಾಂಕರ್ ನೀರೇ ಬರಬೇಕೆಂದಾಯಿತು. ದಿನಾ ಬೆಳಗ್ಗೆ ನೀರನ್ನು ಮೊದಲು ಓರಗಿತ್ತಿ ರುಚಿ ನೋಡುತ್ತಾರೆ, ಆಮೇಲೆ ಮೀಟರ್. ಉಪ್ಪಕ್ಕ ನಲವತ್ತು ದಿನ ಉಪ್ಪಿಲ್ಲದ ಊಟ ಮಾಡಿದರು. ಅವರ ಗಂಡನೂ ಜೊತೆಗೆ ಮಾಡಿದರು, ಯಾರೂ ಕೇಳದಿದ್ದರೂ. "ಅವಳೊಬ್ಬಳೇ ಸಪ್ಪೆ ತಿನ್ನೋದು ನೋಡ್ತಾ ನನ್ನ ಗಂಟಲಲ್ಲಿ ಇಳೀಬೇಕಲ್ಲ" ಎಂದರು ಆ ಮಾತು ಕಡಿಮೆಯ ಮನುಷ್ಯ. ಮೂವತ್ತನೆಯ ದಿನಕ್ಕೆ ನಾಲಿಗೆ ಸ್ವಲ್ಪ ಸ್ವಲ್ಪವೇ ಜೀವ ಹಿಡಿಯಿತು. ಈಗ ದಿನಕ್ಕೊಂದೇ ಸಲ, ಬೆಳಗಿನ ಆರಕ್ಕೆ, ಟೀಗೂ ಮುಂಚೆ ಗೋಡೆ ನೋಡುತ್ತಾರೆ. ಮೀಟರ್ ಮೇಡಂ ಪಕ್ಕದಲ್ಲಿ ಅಂಕಿ ಬರೆದುಕೊಳ್ಳುತ್ತಾರೆ. "ನಾನು ಹತ್ತು ಜಾಗದಲ್ಲಿ ಅಳೆಯೋ ಹೊತ್ತಿಗೆ ಉಪ್ಪಕ್ಕ ಮೂವತ್ತು ಜಾಗ ನೋಡಿರ್ತಾರೆ. ಎಲ್ಲಿ ಅಳೀಬೇಕು ಅಂತ ಅವರ ಸೀಮೆಸುಣ್ಣದ ಗೀಟೇ ಹೇಳುತ್ತೆ ನಂಗೆ" ಎನ್ನುತ್ತಾರೆ ಅವರು. ಓದಿದವರು ಓದದವರನ್ನು ಹೊಗಳುವಾಗ ಸಾಮಾನ್ಯವಾಗಿ ಇರುವ ಬೆಣ್ಣೆ ಈ ಮಾತಿನಲ್ಲಿಲ್ಲ.

ಶುಕ್ರವಾರ ಬಂತು. ನಾನೂ ಹೋದೆ. ಟ್ರಸ್ಟಿನ ತಪಾಸಣೆ ಅಧಿಕಾರಿ ಬಿಗಿ ಮುಖದವರು, ಬೂಟಿಗೆ ಧೂಳು ತಾಗದಂತೆ ನಡೆಯುವವರು. ಗೋಡೆಯ ನಕ್ಷೆಯ ಮೇಲೆ ಒಂಬತ್ತು ಜಾಗ ತಾವೇ ಗುರುತು ಹಾಕಿಕೊಂಡು ಬಂದಿದ್ದರು. ಮೀಟರ್ ಮೇಡಂ ಒಂದೊಂದನ್ನೇ ಅಳೆದು ಓದುತ್ತ ಹೋದರು. ನಾಲ್ಕೂವರೆ. ನಾಲ್ಕು. ನಾಲ್ಕೂಕಾಲು. ಇಂಜಿನಿಯರ್ ಉಗುರು ಕಚ್ಚುತ್ತಿದ್ದರು. ಒಂಬತ್ತನೆಯದು ನಾಲ್ಕು ಮುಕ್ಕಾಲು. ಯಾರೋ ಚಪ್ಪಾಳೆ ತಟ್ಟಿದರು. ಅಧಿಕಾರಿ ಸಹಿ ಹಾಕಲು ಪೆನ್ನು ತೆಗೆದರು.

"ಸರ್, ಆ ಮೂಲೇಲಿ ಇನ್ನೂ ಇದೆ" ಎಂದರು ಉಪ್ಪಕ್ಕ.

ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು. ಇಂಜಿನಿಯರ್ ಅವರತ್ತ ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಉತ್ತರದ ಮೂಲೆ, ನೆಲದಿಂದ ಎರಡಡಿ ಮೇಲೆ, ಅಧಿಕಾರಿಯ ಒಂಬತ್ತರಲ್ಲಿ ಇಲ್ಲದ ಜಾಗ. ಅಳೆದರು. ಏಳು. ಓರಗಿತ್ತಿ ಸಣ್ಣಗೆ, "ಅಕ್ಕಾ, ನಿನ್ನ ಬಾಯಿಗೆ ನಾನೇ ಬಟ್ಟೆ ತುರುಕಬೇಕಿತ್ತು" ಎಂದರು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಗೆದ್ದ ಆಟವನ್ನು ಯಾರಾದರೂ ಹೀಗೆ ಕೈಯಾರೆ ಬಿಟ್ಟುಕೊಡುತ್ತಾರೆಯೇ?

ಅಧಿಕಾರಿ ಪೆನ್ನನ್ನು ಕೈಯಲ್ಲೇ ಹಿಡಿದು ಕೇಳಿದರು: "ಯಾಕಮ್ಮಾ ಹೇಳಿದ್ರಿ? ನಾನು ನೋಡ್ತಿರ್ಲಿಲ್ಲ ಅದನ್ನ."

"ನೀವು ನೋಡ್ತಿರ್ಲಿಲ್ಲ ಸರ್, ಆದ್ರೆ ಉಪ್ಪು ಸುಮ್ನಿರುತ್ತಾ? ನೀವು ಸಹಿ ಹಾಕಿದ್ರೆ ಇದರ ಮೇಲೆ ಸುಣ್ಣದ ಗಾರೆ ಬರುತ್ತೆ. ಇನ್ನೈದು ವರ್ಷಕ್ಕೆ ಆ ಮೂಲೆ ಮತ್ತೆ ಪುಡಿಯಾಗುತ್ತೆ. ಚೆನ್ನಾಗಿ ಕಂಡ್ರೆ ಆಯ್ತು ಅಂತ ಒಂದ್ಸಲ ಮಾಡಿ ನೋಡಿದೀನಿ."

ಅಧಿಕಾರಿ ನಕ್ಷೆಯನ್ನು ಮಡಿಸಿದರು. ಬಿಗಿ ಮುಖ ಸ್ವಲ್ಪವೂ ಸಡಿಲವಾಗಲಿಲ್ಲ, ಆದರೆ ಹೇಳಿದ್ದು ಹೀಗೆ: "ಕೆಟ್ಟ ಜಾಗಾನ ತಾವಾಗೇ ತೋರಿಸೋರು ಉಳಿದ ಜಾಗದ ಬಗ್ಗೆ ಸುಳ್ಳು ಹೇಳಲ್ಲ. ಎರಡು ವಾರ ಕೊಡ್ತೀನಿ. ಆ ಮೂಲೆ ಒಂದಕ್ಕೆ." ಯಂತ್ರದವರಿಗೆ ತಾವೇ ಫೋನ್ ಮಾಡಿ ಕೆಡವುವ ದಿನವನ್ನು ಮುಂದೂಡಿದರು.

ಎರಡು ವಾರವೂ ಇಬ್ಬರು ಓರಗಿತ್ತಿಯರು ಆ ಮೂಲೆಯನ್ನು ಬಾಣಂತಿಯಂತೆ ನೋಡಿಕೊಂಡರು. ಆರಡಿ ಅಗಲ, ಐದಡಿ ಎತ್ತರ, ಅಷ್ಟೇ ಜಾಗ. ಮುದ್ದೆ ನುಣ್ಣಗೆ ಅರೆದು ಎರಡು ಸಲ ಪಟ್ಟು, ಬೇಗ ಒಣಗಲು ಎರಡು ಫ್ಯಾನು. ಈಗ ಗೋಡೆಯ ಜೊತೆ ಯಾರೂ ಮಾತಾಡುವುದಿಲ್ಲ, ಗೋಡೆಗೆ ಬೇಜಾರಾಗಿರಬೇಕು. ಇಬ್ಬರೂ ತಮ್ಮ ತಮ್ಮಲ್ಲೇ ಹರಟುತ್ತಾರೆ, ಕೆಲವೊಮ್ಮೆ ಹೊಲಿಗೆ ಯಂತ್ರದ ವಿಷಯಕ್ಕೆ ಬಂದು ದನಿ ಏರುತ್ತದೆ, ಆದರೂ ಬಕೆಟ್ ನಿಲ್ಲುವುದಿಲ್ಲ. ಹದಿಮೂರನೆಯ ಬೆಳಗ್ಗೆ ಉಪ್ಪಕ್ಕ ಮೂಲೆಗೆ ನಾಲಿಗೆ ತಾಗಿಸಿ, ಮತ್ತೊಮ್ಮೆ ತಾಗಿಸಿ, ಗೀಟೆಳೆಯದೆ ಎದ್ದುಹೋಗಿ ಟೀ ಕುಡಿದರು. ಮರುದಿನ ಅಧಿಕಾರಿಯ ಮುಂದೆ ಅಳೆದಾಗ ಮೀಟರ್ ನಾಲ್ಕು ಎಂದಿತು. ಸಹಿ ಬಿತ್ತು. ಗೋಡೆ ಉಳಿಯಿತು. ಇಂಜಿನಿಯರ್ ಉಪ್ಪಕ್ಕನ ಎರಡೂ ಕೈ ಹಿಡಿದು ಕುಲುಕಿ, ಆಮೇಲೆ ಕನ್ನಡಕ ಒರೆಸಿಕೊಂಡರು.

ಈ ವಾರ ಗೋಡೆಗೆ ಸುಣ್ಣದ ಗಾರೆ ಹಾಕುವ ಕೆಲಸ ನಡೆಯುತ್ತಿದೆ. ಕರಣೆ ಉಪ್ಪಕ್ಕನದೇ. ಮೇಲಿನ ಮಹಡಿಯಲ್ಲಿ ಸಂಶೋಧನಾಲಯದ ಮೇಜುಗಳು ಬಂದಿವೆ, ಕೆಳಗಿನ ಕೊಳಕ್ಕೆ ಮೊದಲ ಸಲ ಸಮುದ್ರದ ನೀರು ಬಿಟ್ಟು ಸೋರುತ್ತದೆಯೇ ಎಂದು ನೋಡಿದ್ದಾರೆ. ನಾನು ಹೊರಡುವ ಹೊತ್ತಿಗೆ ಇಂಜಿನಿಯರ್ ಒಂದು ಕಾಗದ ಹಿಡಿದು ಓಡೋಡಿ ಬಂದರು. ಟ್ರಸ್ಟ್ ಒಂದು ಹಿತ್ತಾಳೆ ಫಲಕ ಮಾಡಿಸುತ್ತಿದೆಯಂತೆ, ಅದರಲ್ಲಿ ಉಪ್ಪಕ್ಕ ಮತ್ತು ಓರಗಿತ್ತಿಯ ಹೆಸರು ಕೆತ್ತಿಸಿ ಇದೇ ಗೋಡೆಯ ಮಧ್ಯದಲ್ಲಿ ಹಾಕುತ್ತಾರಂತೆ.

ಉಪ್ಪಕ್ಕನಿಗೆ ಖುಷಿಯಾಯಿತು. ಖುಷಿಯನ್ನು ಮುಚ್ಚಿಡುವ ಅಭ್ಯಾಸ ಅವರಿಗಿಲ್ಲ. ಓರಗಿತ್ತಿಯನ್ನು ಕೂಗಿ ಕರೆದರು, ಅಕ್ಷರ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರು, ದಾಖಲೆಯಲ್ಲಿರುವ ಹೆಸರೋ ಉಪ್ಪಕ್ಕ ಎಂದೋ ಎಂದು ಚರ್ಚೆಯೂ ಆಯಿತು. ಆಮೇಲೆ ಏನೋ ಹೊಳೆದವರಂತೆ ಇಂಜಿನಿಯರನ್ನು ಕೇಳಿದರು: "ಸರ್, ಅದು ಗೋಡೆ ಮೇಲೆ ನಿಲ್ಲೋದು ಹೇಗೆ?"

"ನಾಲ್ಕು ಸ್ಕ್ರೂ ಅಕ್ಕಾ. ನಾಲ್ಕು ಮೂಲೆಗೆ ಡ್ರಿಲ್ ಮಾಡಿ ಹಾಕ್ತಾರೆ."

ಉಪ್ಪಕ್ಕ ಗೋಡೆಯ ಕಡೆ ತಿರುಗಿ, ಹಸಿ ಗಾರೆಯ ಮೇಲೆ ಒಮ್ಮೆ ಕರಣೆ ಎಳೆದರು, ಬಲದಿಂದ ಎಡಕ್ಕೆ.

"ಹಾಗಾದ್ರೆ ಬೇಡಿ ಸರ್. ಫಲಕ ಎಲ್ಲಾದ್ರೂ ಬೇರೆ ಕಡೆ ಹಾಕಿ, ಇಲ್ಲಾ ಬಿಟ್ಬಿಡಿ. ಈ ಗೋಡೆಗೆ ನನ್ನಿಂದ ಆಗಿದ್ದು ಸಾಕು."